ಗಾಜಿನ ಅಂಚಿನ ರಬ್ಬರು, ಕ್ರೌನಿನ ಎಣ್ಣೆ

ಕರಾವಳಿಯಲ್ಲಿ ಹಳೆಯ ಅಂಬಾಸಿಡರ್ ಕಾರು ಎಂಜಿನ್ ಕೆಟ್ಟು ಸಾಯುವುದು ಕಡಿಮೆ. ಎಂಜಿನ್ ಬಿಚ್ಚಿ ಬೋರ್ ಮಾಡಿಸಬಹುದು, ಪಿಸ್ಟನ್ ಬದಲಿಸಬಹುದು, ಬೇಕಾದರೆ ಇನ್ನೊಂದು ಎಂಜಿನ್ನೇ ತಂದು ಕೂರಿಸಬಹುದು. ಅದನ್ನು ಕೊಲ್ಲುವುದು ಮುಂದಿನ ಗಾಜಿನ ಕೆಳಮೂಲೆಯಿಂದ ಒಳಗಿಳಿಯುವ ಮಳೆನೀರು. ಡ್ಯಾಶ್‌ಬೋರ್ಡಿನ ಹಿಂದೆ ಇಳಿದ ನೀರು ವೈರುಗಳನ್ನು ನೆನೆಸಿ, ಮ್ಯಾಟಿನ ಅಡಿಯ ತಗಡಿನ ಮೇಲೆ ನಿಲ್ಲುತ್ತದೆ. ಮೇಲೆ ಬಣ್ಣ ಹೊಳೆಯುತ್ತಲೇ ಇರುತ್ತದೆ, ಕೆಳಗೆ ನೆಲ ಕರಗುತ್ತಿರುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಗಾಳಿಯಲ್ಲೇ ಉಪ್ಪು ತುಂಬಿರುವ ಮಂಗಳೂರು ಸೀಮೆಯಲ್ಲಿ ಕಾರಿನ ಆಯುಷ್ಯವನ್ನು ನಿರ್ಧರಿಸುವುದು ಎರಡು ಸಣ್ಣ ಕೆಲಸಗಳು ಎಂದು ನಾನು ನಂಬಿದ್ದೇನೆ. ಒಂದು, ಗಾಜಿನ ಸುತ್ತ ರಬ್ಬರು ಮತ್ತು ಹೊಳಪಿನ ಪಟ್ಟಿ ಕೂರಿಸುವುದು. ಇನ್ನೊಂದು, ಗೇರ್ ಬಾಕ್ಸಿಗೂ ಹಿಂದಿನ ಆಕ್ಸಲಿಗೂ ಸರಿಯಾದ ಎಣ್ಣೆ ತುಂಬುವುದು. ಹಳೆಯ ಕಾರನ್ನು ಮತ್ತೆ ಕಟ್ಟುವವರು ಇವೆರಡನ್ನೂ ಕೊನೆಗೆ ಇಟ್ಟುಕೊಳ್ಳುತ್ತಾರೆ. ಆ ಹೊತ್ತಿಗೆ ಹಣವೂ ತಾಳ್ಮೆಯೂ ಮುಗಿದಿರುತ್ತವೆ.

ಮಂಗಳೂರಿನ ಬಳಿಯ ಬಜಪೆಗೂ ಅಂಬಾಸಿಡರಿಗೂ ನಂಟು ಹಳೆಯದು. 1951ರ ಡಿಸೆಂಬರ್ 25ರಂದು ಜವಾಹರಲಾಲ್ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದು ಇಲ್ಲಿನ ವಿಮಾನ ನಿಲ್ದಾಣವನ್ನು ಉದ್ಘಾಟಿಸಿದರು. ಅದಾಗಿ ಆರು ವರ್ಷಕ್ಕೆ, 1957ರಲ್ಲಿ, ಕಲ್ಕತ್ತೆಯ ಹತ್ತಿರದ ಉತ್ತರಪಾರದ ಹಿಂದೂಸ್ತಾನ್ ಮೋಟರ್ಸ್ ಕಾರ್ಖಾನೆಯಲ್ಲಿ ಅಂಬಾಸಿಡರ್ ಹುಟ್ಟಿತು. ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ ಮೂರರ ಅಚ್ಚು ಅದು. ಆ ಮೇಲಿನ ದಶಕಗಳಲ್ಲಿ ಮುಂಬಯಿಯಿಂದ ಬಂದವರನ್ನು ಮನೆ ಮುಟ್ಟಿಸಿದ್ದು, ಕಟೀಲಿಗೆ ಮದುವೆ ದಿಬ್ಬಣ ಒಯ್ದಿದ್ದು, ಗುರುಪುರ, ಕಿನ್ನಿಗೋಳಿ, ಮೂಡುಬಿದಿರೆಯ ಕಡೆಗೆ ಬಾಡಿಗೆ ಓಡಿದ್ದು ಈ ಕಾರೇ. ಮಾಡಿನ ಮೇಲಿನ ಕ್ಯಾರಿಯರಿನಲ್ಲಿ ಸೂಟ್‌ಕೇಸು, ಒಳಗೆ ಇಡೀ ಸಂಸಾರ. ಮುರಕಲ್ಲಿನ ಗುಡ್ಡದ ಏರಿಳಿತದಲ್ಲಿ ಅಷ್ಟು ಭಾರ ಹೊತ್ತು ಓಡುವಾಗ ತಗಡಿನ ಮೈ ಅಲ್ಪಸ್ವಲ್ಪ ತಿರುಚುತ್ತದೆ. ಆ ತಿರುಚನ್ನು ಗಾಜಿಗೆ ತಟ್ಟಿಸದೆ ತಾನು ನುಂಗಿಕೊಳ್ಳುವುದು ಅಂಚಿನ ರಬ್ಬರು.

ಗಾಜಿಗೆ ಈ ರಬ್ಬರು ಬಂದದ್ದೇ ಕಾರಿನ ಮೈ ಬದಲಾದ ಮೇಲೆ. ಮೊದಲ ಕಾಲದ ಕಾರುಗಳಲ್ಲಿ ಗಾಜು ಚಪ್ಪಟೆ. ಅದನ್ನು ಲೋಹದ ಚೌಕಟ್ಟಿನಲ್ಲಿ ಕಿಟಕಿಯಂತೆ ಕೂರಿಸುತ್ತಿದ್ದರು, ಸೆಖೆಯಾದರೆ ಮುಂದಕ್ಕೆ ತೆರೆಯಲೂ ಬರುತ್ತಿತ್ತು. ಅಂಬಾಸಿಡರಿಗೂ ಮುಂಚೆ ಹಿಂದೂಸ್ತಾನ್ ಮೋಟರ್ಸ್ ‘ಬೇಬಿ ಹಿಂದೂಸ್ತಾನ್’ ಎಂಬ ಹೆಸರಿನಲ್ಲಿ ತಂದ ಮೋರಿಸ್ ಮೈನರಿನಲ್ಲಿ ಎರಡು ಚಪ್ಪಟೆ ಗಾಜು, ನಡುವೆ ಒಂದು ಕಂಬಿ. ಬ್ರಿಟನ್ನಿನಲ್ಲಿ ಮೈನರಿಗೆ ಬಾಗಿದ ಒಂಟಿ ಗಾಜು ಬಂದದ್ದು 1956ರಲ್ಲಿ, ಮೈನರ್ 1000 ಬಂದಾಗ. ಅಷ್ಟರಲ್ಲಿ ಇಲ್ಲಿ ಹಿಂದೂಸ್ತಾನ್ ಮೋಟರ್ಸ್‌ನ 1954ರ ಲ್ಯಾಂಡ್‌ಮಾಸ್ಟರ್ ಬಾಗಿದ ಗಾಜನ್ನು ತಂದಾಗಿತ್ತು. ಆ ಕಾರಿಗೆ ಬೇರೆ ಚಾಸಿ ಇಲ್ಲ, ಮೈಯೇ ಚಾಸಿ. ಅಂಥ ಮೈಗೆ ಬಾಗಿದ ಗಾಜನ್ನು ಬಿಗಿ ಚೌಕಟ್ಟಿನಲ್ಲಿ ಸಿಕ್ಕಿಸಿದರೆ ಮೊದಲ ಹೊಂಡಕ್ಕೇ ಬಿರುಕು ಬಿಡುತ್ತದೆ. ಆದ್ದರಿಂದ ಗಾಜನ್ನೂ ತಗಡನ್ನೂ ಎರಡು ಗಾಡಿಗಳಲ್ಲಿ, ಅಂದರೆ ಉದ್ದನೆಯ ತೋಡುಗಳಲ್ಲಿ, ಹಿಡಿಯುವ, ಎರಡರ ನಡುವೆ ತುಸು ಅಲುಗಲು ಬಿಡುವ ರಬ್ಬರಿನ ಪಟ್ಟಿ ಬಂತು.

ಗಾಜಿನ ಕಥೆಯೂ ಸ್ವಾರಸ್ಯದ್ದೇ. 1903ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ, ಕಲಾವಿದ ಎಡುವಾರ್ ಬೆನೆಡಿಕ್ಟಸ್ ಅವರ ಪ್ರಯೋಗಶಾಲೆಯಲ್ಲಿ ಒಂದು ಗಾಜಿನ ಕುಪ್ಪಿ ಬಿತ್ತು. ಬಿರುಕು ಬಿಟ್ಟಿತೇ ಹೊರತು ಚೂರಾಗಲಿಲ್ಲ. ಒಳಗೆ ಒಣಗಿ ಅಂಟಿದ್ದ ಸೆಲ್ಯುಲೋಸ್ ನೈಟ್ರೇಟಿನ ಪದರ ಚೂರುಗಳನ್ನು ಹಿಡಿದಿಟ್ಟಿತ್ತು. 1909ರಲ್ಲಿ ಅವರು ಎರಡು ಗಾಜಿನ ನಡುವೆ ಪದರ ಇಡುವ ವಿಧಾನಕ್ಕೆ ಪೇಟೆಂಟ್ ಪಡೆದರು. ಇವತ್ತಿನ ಕಾರುಗಳ ಮುಂದೆ ಇರುವ ಲ್ಯಾಮಿನೇಟೆಡ್ ಗಾಜಿನ ಮೂಲ ಅದು. ಹಳೆಯ ಅಂಬಾಸಿಡರಿಗೆ ಹೊಸ ಗಾಜು ಹಾಕಿಸುವವರಿಗೆ ಒಂದು ಮಾತು: ಕಲ್ಲು ತಾಗಿದರೆ ಇಡಿಯಾಗಿ ಪುಡಿಯಾಗುವ ಟಫನ್ಡ್ ಗಾಜನ್ನು ಮುಂದಕ್ಕೆ ಹಾಕಿಸಬೇಡಿ, ಲ್ಯಾಮಿನೇಟೆಡ್ ಕೇಳಿ. ಅದು ದೂರದಿಂದ ನೋಡಿದರೆ ಬೇರೆಯಾಗಿ ಕಾಣುವುದೂ ಇಲ್ಲ.

ಇನ್ನು ಕೂರಿಸುವ ಕೆಲಸ. ಬಲ್ಲ ಮೇಸ್ತ್ರಿ ರಬ್ಬರನ್ನು ಕೈಗೆತ್ತಿಕೊಳ್ಳುವ ಮೊದಲು ತಗಡಿನ ಅಂಚನ್ನು ನೋಡುತ್ತಾರೆ. ಹಳೆಯ ರಬ್ಬರು ಕಿತ್ತಾಗ ಕೆಳ ಅಂಚಿನಲ್ಲಿ ಸಾಮಾನ್ಯವಾಗಿ ತುಕ್ಕಿನ ಸಾಲೇ ಇರುತ್ತದೆ. ಅದರ ಮೇಲೆ ಪುಟ್ಟಿ ಮೆತ್ತಿ ಬಣ್ಣ ಬಳಿದರೆ ಎರಡು ಮಳೆಗಾಲಕ್ಕೆ ಮತ್ತೆ ಅದೇ ಪಾಡು. ಕೊಳೆತ ತಗಡನ್ನು ಕತ್ತರಿಸಿ, ಹೊಸದು ವೆಲ್ಡ್ ಮಾಡಿ, ಪ್ರೈಮರ್ ಹಚ್ಚಿ, ಅಂಚನ್ನು ಸಪಾಟಾಗಿಸಿದ ಮೇಲೆಯೇ ಮುಂದಿನ ಮಾತು. ಆಮೇಲೆ ರಬ್ಬರನ್ನು ಗಾಜಿನ ಸುತ್ತ ತೊಡಿಸುತ್ತಾರೆ. ತಗಡಿನ ಅಂಚು ಸೇರಬೇಕಾದ ಗಾಡಿಯ ಉದ್ದಕ್ಕೂ ಗಟ್ಟಿ ನೈಲಾನ್ ಹುರಿ ಇಟ್ಟು, ಎರಡೂ ತುದಿ ಕೆಳಗೆ ನಡುವಿನಲ್ಲಿ ಒಂದರ ಮೇಲೊಂದು ಬರುವಂತೆ ಒಳಬದಿಗೆ ಬಿಡುತ್ತಾರೆ. ಸಾಬೂನಿನ ನೀರು ಹಚ್ಚಿ ಗಾಜನ್ನು ಹೊರಗಿನಿಂದ ಇಟ್ಟರೆ, ಇಲ್ಲಿಂದ ಮುಂದೆ ಇಬ್ಬರು ಬೇಕು. ಒಬ್ಬರು ಹೊರಗೆ ನಿಂತು ಅಂಗೈಯಿಂದ ಒತ್ತಬೇಕು, ಇನ್ನೊಬ್ಬರು ಒಳಗೆ ಕೂತು ಹುರಿಯನ್ನು ನಿಧಾನವಾಗಿ ಎಳೆಯಬೇಕು. ಹುರಿ ಬಂದಂತೆ ರಬ್ಬರಿನ ತುಟಿ ತಗಡಿನ ಮೇಲೇರಿ ಒಳಗೆ ಮಗುಚಿಕೊಳ್ಳುತ್ತದೆ. ಒತ್ತುವ ಕೈ ಎಳೆಯುವ ಕೈಯ ಜೊತೆಜೊತೆಗೇ ಸರಿಯಬೇಕು. ಅವಸರದಲ್ಲಿ ಗುದ್ದಿದರೆ ಮೂಲೆಯಲ್ಲಿ ಗಾಜು ಸೀಳುತ್ತದೆ.

ಸಾಬೂನಿನ ನೀರಿನ ಬದಲು ಗ್ರೀಸೋ ಎಂಜಿನ್ ಆಯಿಲೋ ಹಚ್ಚುವ ಅಭ್ಯಾಸ ಕೆಲವು ಕಡೆ ಇದೆ. ಆಗ ಸುಲಭವಾಗಿ ಜಾರುತ್ತದೆ, ನಿಜ. ಆದರೆ ಪೆಟ್ರೋಲಿಯಂ ಎಣ್ಣೆ ಸಹಜ ರಬ್ಬರನ್ನೂ ಇಪಿಡಿಎಂ ಎಂಬ ಕೃತಕ ರಬ್ಬರನ್ನೂ ಉಬ್ಬಿಸಿ ಮೆದು ಮಾಡುತ್ತದೆ. ಸುಳ್ಯ, ಪುತ್ತೂರು, ಬೆಳ್ತಂಗಡಿಯ ಗುಡ್ಡಗಳಲ್ಲಿ ಬೆಳೆಯುವುದು ಸಹಜ ರಬ್ಬರು.  ಆ ಹಾಲಿನ ರಬ್ಬರು ಟಯರಿಗೆ ಬಹಳ ಒಳ್ಳೆಯದು, ಗಾಜಿನ ಅಂಚಿಗೆ ಅಷ್ಟಲ್ಲ. ಬಿಸಿಲು ಮತ್ತು ಗಾಳಿಯ ಓಝೋನ್ ಅದರ ಮೇಲೆ ಬಿರುಕು ಮೂಡಿಸುತ್ತವೆ. ಇಪಿಡಿಎಂ ಆ ಎರಡನ್ನೂ ತಡೆಯುತ್ತದೆ. ಅಗ್ಗದ ಪಟ್ಟಿ ಕೊಂಡು ಮೂರನೆಯ ವರ್ಷಕ್ಕೆ ಮತ್ತೆ ಗಾಜು ಬಿಚ್ಚಿಸುವುದಕ್ಕಿಂತ, ಕೊಳ್ಳುವಾಗಲೇ ಯಾವ ರಬ್ಬರು ಎಂದು ಕೇಳುವುದು ಮೇಲು.

ಗಾಜು ಕೂತ ಮೇಲೆ ಹೊರಗಿನ ಗಾಡಿಗೆ ಹೊಳಪಿನ ಬೀಡಿಂಗ್ ತುಂಬುವ ಸರದಿ. ಎಲ್ಲರೂ ಇದನ್ನು ಅಲಂಕಾರ ಎಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಅದು ರಬ್ಬರಿನ ಎದೆಯಲ್ಲಿ ಹೊಡೆದ ಬೆಣೆ. ಅದು ಹೊಕ್ಕಾಗಲೇ ರಬ್ಬರಿನ ಎರಡೂ ತುಟಿಗಳು ಅಗಲಗೊಂಡು ಗಾಜನ್ನೂ ತಗಡನ್ನೂ ಬಿಗಿಯಾಗಿ ಅಮರಿಕೊಳ್ಳುತ್ತವೆ. ಬೀಡಿಂಗ್ ಇಲ್ಲದ ಗಾಜು ನೋಡಲು ಕೂತಂತೆ ಇದ್ದರೂ ಸೋರುತ್ತದೆ. ಉಂಗುರದ ತುದಿಯುಳ್ಳ ಸಣ್ಣ ಉಪಕರಣದಿಂದ ಗಾಡಿಯನ್ನು ಅಗಲಿಸುತ್ತ, ಅದರ ಹಿಂದೆಯೇ ಪಟ್ಟಿಯನ್ನು ಒತ್ತುತ್ತ ಹೋಗಬೇಕು. ಮೆದು ಪಟ್ಟಿಯಾದರೆ ಎಳೆದು ಕೂರಿಸಬಾರದು. ಎಳೆದ ಪಟ್ಟಿ ಕೆಲವು ದಿನಗಳಲ್ಲಿ ಹಿಂದಕ್ಕೆ ಕುಗ್ಗಿ ಜೋಡಣೆಯಲ್ಲಿ ಬಾಯಿ ಬಿಡುತ್ತದೆ, ಆ ಬಾಯಿಯೇ ನೀರಿನ ದಾರಿ. ಅಳತೆಗಿಂತ ತುಸು ಉದ್ದ ಬಿಟ್ಟು ಒಳಕ್ಕೆ ಒತ್ತಬೇಕು. ಕೊನೆಗೆ ಗಾಜು ಮತ್ತು ರಬ್ಬರಿನ ನಡುವೆ ಗಟ್ಟಿಯಾಗದ ಸೀಲೆಂಟ್ ತುಂಬಿ, ಪೈಪಿನಿಂದ ನೀರು ಬಿಟ್ಟು, ಒಳಗೆ ಟಾರ್ಚ್ ಹಿಡಿದು ಮೂಲೆ ಮೂಲೆ ನೋಡಬೇಕು. ಈ ಪರೀಕ್ಷೆ ಮಾಡದೆ ಕಾರು ಒಪ್ಪಿಸುವ ಗ್ಯಾರೇಜನ್ನು ನಾನು ಒಳ್ಳೆಯ ಗ್ಯಾರೇಜ್ ಎನ್ನಲಾರೆ.

ಈಗಿನ ಕಾರುಗಳಲ್ಲಿ ಹುರಿಯೂ ಇಲ್ಲ, ಬೀಡಿಂಗೂ ಇಲ್ಲ. ಗಾಜನ್ನು ಯುರೆಥೇನ್ ಅಂಟಿನಿಂದ ಮೈಗೇ ಅಂಟಿಸುತ್ತಾರೆ. ಅದು ಮಾಡಿಗೆ ಬಲ ಕೊಡುತ್ತದೆ, ಏರ್‌ಬ್ಯಾಗಿಗೆ ಆಸರೆಯಾಗುತ್ತದೆ. ಸುರಕ್ಷತೆಯ ದೃಷ್ಟಿಯಿಂದ ಅದೇ ಸರಿ. ಹುರಿ ಎಳೆಯುವ ಕೈಗಳು ಮಾತ್ರ ಕಡಿಮೆಯಾಗುತ್ತಿವೆ.

ಕಾರಿನ ಅಡಿಗೆ ಇಳಿದರೆ ಎಣ್ಣೆಯ ಕಥೆ. ಹಿಂದಿನ ಆಕ್ಸಲಿನ ನಡುವಿನ ಗುಂಡು ಹೌಸಿಂಗಿನಲ್ಲಿರುವುದು ಕ್ರೌನ್ ಮತ್ತು ಪಿನಿಯನ್ ಎಂಬ ಹಲ್ಲುಚಕ್ರಗಳ ಜೋಡಿ. ಮೊದಲು ಪಿನಿಯನ್ ಕ್ರೌನಿನ ಕೇಂದ್ರಕ್ಕೆ ಸರಿಯಾಗಿ ಕೂರುತ್ತಿತ್ತು, ಹಲ್ಲಿನ ಮೇಲೆ ಹಲ್ಲು ಬಹುಮಟ್ಟಿಗೆ ಉರುಳುತ್ತಿತ್ತು. ಅಮೆರಿಕದ ಗ್ಲೀಸನ್ ಕಂಪನಿ ರೂಪಿಸಿದ ಹೈಪಾಯಿಡ್ ಗೇರಿನಲ್ಲಿ ಪಿನಿಯನ್ ಕೇಂದ್ರಕ್ಕಿಂತ ಕೆಳಗಿಳಿಯಿತು. 1926ರ ಸುಮಾರಿಗೆ ಪ್ಯಾಕರ್ಡ್ ಕಾರು ಅದನ್ನು ಅಳವಡಿಸಿಕೊಂಡಿತು. ಪ್ರೊಪೆಲ್ಲರ್ ಶಾಫ್ಟ್ ತಗ್ಗಿತು, ಅದರೊಂದಿಗೆ ಕಾರಿನ ನೆಲವೂ ತಗ್ಗಿತು, ಸದ್ದೂ ಕಡಿಮೆಯಾಯಿತು. ಆದರೆ ಹಲ್ಲುಗಳು ಈಗ ಉರುಳುವುದರ ಜೊತೆಗೆ ಉದ್ದಕ್ಕೆ ಜಾರತೊಡಗಿದವು. ಆ ಒತ್ತಡದಲ್ಲಿ ಸಾಮಾನ್ಯ ಎಣ್ಣೆಯ ಪದರ ಹರಿದುಹೋಗಿ ಉಕ್ಕಿಗೆ ಉಕ್ಕು ಉಜ್ಜುತ್ತದೆ. ಅದಕ್ಕೆಂದೇ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಬೆರೆಸಿದ ಎಣ್ಣೆಗಳು ಬಂದವು. ಬಿಸಿಯಾದ ಜಾಗದಲ್ಲಿ ಅವು ಉಕ್ಕಿನೊಂದಿಗೆ ಸೇರಿ ತೆಳು ಪದರ ಕಟ್ಟುತ್ತವೆ. ಸವೆಯುವುದು ಆ ಪದರ, ಹಲ್ಲಲ್ಲ. ನಮ್ಮ ಗ್ಯಾರೇಜುಗಳಲ್ಲಿ ‘ನೈಂಟಿ ಆಯಿಲ್’ ಎನ್ನುವ ಡಬ್ಬಿ ತೆರೆದಾಗ ಮೂಗಿಗೆ ಹೊಡೆಯುವ ವಾಸನೆ ಆ ಗಂಧಕದ್ದು.

ಅಂಬಾಸಿಡರಿನ ಹಿಂದಿನ ಆಕ್ಸಲ್ ಹೈಪಾಯಿಡ್. ಅದಕ್ಕೆ ಜಿಎಲ್-5 ದರ್ಜೆಯ ನೈಂಟಿ ಆಯಿಲ್ ಚೆನ್ನಾಗಿ ಹೊಂದುತ್ತದೆ. ಅದೇ ಎಣ್ಣೆಯನ್ನು ಯೋಚಿಸದೆ ಗೇರ್ ಬಾಕ್ಸಿಗೂ ಸುರಿಯುವುದು ತಪ್ಪು. ಹಳೆಯ ನಾಲ್ಕು ಗೇರಿನ ಪೆಟ್ಟಿಗೆಯಲ್ಲಿ ಎರಡು, ಮೂರು, ನಾಲ್ಕನೇ ಗೇರುಗಳಿಗೆ ಸಿಂಕ್ರೋಮೆಶ್ ಇದೆ, ಅದರ ಬಳೆಗಳು ತಾಮ್ರ ಬೆರೆತ ಲೋಹದವು. ಜಿಎಲ್-5ರ ದಟ್ಟ ರಾಸಾಯನಿಕ ಅಂಥ ಬಳೆಗಳನ್ನು ಕಾಲಕ್ರಮದಲ್ಲಿ ತಿನ್ನಬಲ್ಲದು. ಅಷ್ಟು ದಟ್ಟವಲ್ಲದ ಜಿಎಲ್-4 ಅಲ್ಲಿಗೆ ಕ್ಷೇಮ. ಇನ್ನೂ ಹಳೆಯ ಮೋರಿಸ್ ಮೈನರಿನ ಗೇರ್ ಬಾಕ್ಸಿಗಂತೂ ಕಂಪನಿಯೇ ಹೇಳಿದ್ದು ಎಂಜಿನ್ ಆಯಿಲ್, ಆಕ್ಸಲಿಗೆ ಮಾತ್ರ ಹೈಪಾಯಿಡ್ ಎಣ್ಣೆ. ಒಂದೇ ಕಾರು, ಎರಡು ಪೆಟ್ಟಿಗೆ, ಎರಡು ಎಣ್ಣೆ. ಕಾರಿನ ಹಳೆಯ ಕೈಪಿಡಿ ಮನೆಯಲ್ಲಿದ್ದರೆ ಅದನ್ನು ರದ್ದಿಗೆ ಹಾಕಬೇಡಿ.

ಎಣ್ಣೆ ಬದಲಿಸುವಾಗ ಮೇಸ್ತ್ರಿಗಳು ಪಾಲಿಸುವ ಒಂದು ಕ್ರಮವಿದೆ: ಕೆಳಗಿನ ಡ್ರೇನ್ ಪ್ಲಗ್ ಮುಟ್ಟುವ ಮೊದಲು ಪಕ್ಕದ ತುಂಬುವ ಪ್ಲಗ್ ಬಿಚ್ಚಿ ನೋಡಬೇಕು. ವರ್ಷಗಟ್ಟಲೆ ತುಕ್ಕು ಹಿಡಿದ ಪ್ಲಗ್ ಬಾರದೇ ಹೋದರೆ, ಇರುವ ಎಣ್ಣೆಯನ್ನೂ ಸುರಿದುಕೊಂಡ ಗಾಡಿ ಅಲ್ಲೇ ನಿಲ್ಲುತ್ತದೆ. ಒಂದಿಷ್ಟು ಓಡಿಸಿ ಬಿಸಿಯಾದ ಮೇಲೆ ಹಳೆಯದನ್ನು ಇಳಿಸಬೇಕು. ಕಾರು ನಾಲ್ಕೂ ಚಕ್ರದಲ್ಲಿ ಸಮತಟ್ಟಾಗಿ ನಿಂತಿರುವಾಗ ಹೊಸದನ್ನು ತುಂಬಿ, ಪಕ್ಕದ ತೂತಿನಿಂದ ಹನಿ ಹೊರಬರುವುದು ನಿಲ್ಲುವವರೆಗೆ ಕಾದು ಮುಚ್ಚಬೇಕು. ಹಿಂಬದಿ ಮಾತ್ರ ಜಾಕ್ ಹಾಕಿ ಎತ್ತಿ ಅಳೆದರೆ ಲೆಕ್ಕ ತಪ್ಪುತ್ತದೆ. ಹೆಚ್ಚು ತುಂಬಿದ ಎಣ್ಣೆ ಸೀಲ್ ದಾಟಿ ಬ್ರೇಕ್ ಡ್ರಮ್ಮಿಗೆ ಹರಿಯುತ್ತದೆ, ಹಾಗಾದರೆ ಬ್ರೇಕ್ ಹಿಡಿಯದು.

ಆಕ್ಸಲಿನ ಮೇಲೆ ಬ್ರೀದರ್ ಎಂಬ ಸಣ್ಣ ಉಸಿರುಗಂಡಿ ಇದೆ, ಅದನ್ನು ಗಮನಿಸುವವರು ಕಡಿಮೆ. ಕೆಸರಿನಿಂದ ಅದು ಕಟ್ಟಿದರೆ ಒಳಗಿನ ಬಿಸಿ ಗಾಳಿ ಸೀಲುಗಳ ಮೂಲಕ ಎಣ್ಣೆಯನ್ನು ತಳ್ಳುತ್ತದೆ. ತೆರೆದೇ ಇದ್ದರೂ ನೆರೆನೀರಿನಲ್ಲಿ ಅಪಾಯವಿದೆ. ಓಡಿ ಬಿಸಿಯಾದ ಆಕ್ಸಲ್ ನೀರಿಗಿಳಿದಾಗ ಒಳಗಿನ ಗಾಳಿ ಒಮ್ಮೆಲೇ ತಣಿದು ಕುಗ್ಗಿ ಹೊರಗಿನ ನೀರನ್ನು ಎಳೆದುಕೊಳ್ಳುತ್ತದೆ. ಮಳೆಗಾಲ ಮುಗಿದ ಮೇಲೆ ಪ್ಲಗ್ ಬಿಚ್ಚಿದಾಗ ಎಣ್ಣೆ ಹಾಲು ಬೆರೆತಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದೇ ಅರ್ಥ. ಆಗ ಕಿಲೋಮೀಟರ್ ಲೆಕ್ಕ ನೋಡಬಾರದು, ಆ ದಿನವೇ ಬದಲಿಸಬೇಕು.

ಹಳೆಯ ಕಾರನ್ನು ಉಳಿಸಿಕೊಳ್ಳುವ ಮನಸ್ಸು ನಮ್ಮ ಸೀಮೆಗೆ ಹೊಸದಲ್ಲ. ಧರ್ಮಸ್ಥಳದಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಕೂಡಿಟ್ಟ ಹಳೆಯ ಕಾರುಗಳ ಸಂಗ್ರಹವನ್ನು ಕ್ಷೇತ್ರಕ್ಕೆ ಹೋದವರೆಲ್ಲ ನೋಡಿದ್ದಾರೆ. 2023ರಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯ ಬದಿಯಲ್ಲಿ ಅವರ ‘ಪಯಣ’ ಸಂಗ್ರಹಾಲಯವೂ ತೆರೆಯಿತು. ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ಹೊರಡಿಸಿದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪ ಕಳೆದುಕೊಳ್ಳದ ಖಾಸಗಿ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಅಂಥವಕ್ಕೆ ‘ವಿಎ’ ಅಕ್ಷರಗಳ ಸಂಖ್ಯೆ, 10 ವರ್ಷದ ಮಾನ್ಯತೆ. ದಿನನಿತ್ಯದ ಓಡಾಟಕ್ಕೂ ಬಾಡಿಗೆಗೂ ಅವನ್ನು ಬಳಸುವಂತಿಲ್ಲ. 1962ರಲ್ಲಿ ಬಂದ ಅಂಬಾಸಿಡರ್ ಮಾರ್ಕ್ 2ರ ಹಳೆಯ ಗಾಡಿಗಳು ಈಗಾಗಲೇ ಆ ವಯಸ್ಸು ದಾಟಿವೆ. ಹಟ್ಟಿಯ ಪಕ್ಕದ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತಿರುವ ಅಜ್ಜನ ಕಾರು ಗುಜರಿಗೆ ಹೋಗಲೇಬೇಕೆಂದಿಲ್ಲ.

ಉತ್ತರಪಾರದ ಕಾರ್ಖಾನೆ ಕೆಲಸ ನಿಲ್ಲಿಸಿದ್ದು 2014ರ ಮೇ 24ರಂದು, ನಮ್ಮಲ್ಲಿ ಪತ್ತನಾಜೆಯ ಹೊತ್ತು. ನೇಮ, ಆಟಗಳು ಮುಗಿದು, ಕಟೀಲಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ, ತುಳುನಾಡು ಮಳೆಗೆ ಅಣಿಯಾಗುವ ದಿನಗಳವು. ನಿಮ್ಮ ಮನೆಯಲ್ಲಿ ಹಳೆಯ ಕಾರೊಂದಿದ್ದರೆ ಪತ್ತನಾಜೆಗೆ ಮೊದಲೇ ಅದನ್ನು ಹೊರಗೆ ತಂದು ಗಾಜಿಗೆ ನೀರು ಬಿಟ್ಟು ನೋಡಿ. ಸೋರಿದರೆ ರಬ್ಬರು, ಬೀಡಿಂಗ್ ಎರಡನ್ನೂ ಒಟ್ಟಿಗೆ ಬದಲಿಸಿ, ತಗಡಿನ ತುಕ್ಕು ತೆಗೆಸದೆ ಬಿಡಬೇಡಿ. ಮಳೆ ನಿಂತು ದೀಪಾವಳಿ ಬರುವ ಮುನ್ನ ಆಕ್ಸಲಿನ ಪ್ಲಗ್ ಬಿಚ್ಚಿಸಿ ಎಣ್ಣೆಯ ಬಣ್ಣ ನೋಡಿ. ಈ ಕೆಲಸಗಳಿಗೆ ಹುರಿ ಎಳೆದು ಗಾಜು ಕೂರಿಸಬಲ್ಲ ಹಳೆಯ ಮೇಸ್ತ್ರಿಯನ್ನೇ ಹುಡುಕಿ, ಕೇಳಿದ ಕೂಲಿ ಕೊಡಿ, ಪಕ್ಕದಲ್ಲಿ ಒಬ್ಬ ಹುಡುಗನನ್ನೂ ನಿಲ್ಲಿಸಿ ಕಲಿಯಲು ಬಿಡಿ.