ಗಾಲಿಯ ಮೇಲಣ ಬರಹ

ಅಕ್ಷರವು ಕಲ್ಲಿನ ಮೇಲಿರಲಿ, ತಾಮ್ರದ ಮೇಲಿರಲಿ, ತಾಳೆಗರಿಯ ಮೇಲಿರಲಿ, ಓದುವವನು ದೊರೆಯುವವರೆಗೆ ಅದು ಮೂಕವಾಗಿಯೇ ಇರುತ್ತದೆ. ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿಗೆ ಸೇರಿದ ಹಾರನಹಳ್ಳಿಯಲ್ಲಿ ಹೊಯ್ಸಳರ ಕಾಲದ ಎರಡು ಸುಂದರ ದೇವಾಲಯಗಳಿವೆ. ಅವುಗಳಲ್ಲಿ ಲಕ್ಷ್ಮೀನರಸಿಂಹ ದೇವಾಲಯವನ್ನು 1235ರಲ್ಲಿ ಪೆದ್ದಣ್ಣ ಹೆಗ್ಗಡೆ, ಸೋವಣ್ಣ ಮತ್ತು ಕೇಸಣ್ಣ ಎಂಬ ಮೂವರು ಸಹೋದರರು ಕಟ್ಟಿಸಿದರು. ಇನ್ನೊಂದು ಸೋಮೇಶ್ವರ ದೇವಾಲಯ. ಆ ಕಾಲದ ದೊರೆಗಳು, ದಾನಿಗಳು, ಶಿಲ್ಪಿಗಳು ಇಂದು ನಮಗೆ ಪರಿಚಿತರಾಗಿರುವುದು ಶಾಸನಗಳನ್ನು ತಾಳ್ಮೆಯಿಂದ ಓದಿದ ವಿದ್ವಾಂಸರ ಶ್ರಮದಿಂದ.

ಅದೇ ಊರಿನ ರಸ್ತೆಯ ಬದಿಯಲ್ಲಿ ಇನ್ನೊಂದು ಬಗೆಯ ಬರಹವೂ ಕಾಣಸಿಗುತ್ತದೆ. ತೆಂಗಿನಕಾಯಿಯನ್ನು ಅರಸೀಕೆರೆಯ ಮಾರುಕಟ್ಟೆಗೆ ಒಯ್ಯುವ ವ್ಯಾನು, ಮಕ್ಕಳನ್ನು ಶಾಲೆಗೆ ಕರೆತರುವ ವ್ಯಾನು, ಮದುವೆಯ ದಿಬ್ಬಣವನ್ನೋ ಬೇಲೂರು ಹಳೇಬೀಡುಗಳ ಯಾತ್ರಿಕರನ್ನೋ ಹೊತ್ತು ಸಾಗುವ ವ್ಯಾನು ಅಲ್ಲಿ ನಿಲ್ಲುತ್ತವೆ. ಅವುಗಳ ಗಾಲಿಗಳನ್ನು ಬಾಗಿ ನೋಡಿದರೆ ಟೈರಿನ ಪಕ್ಕದ ಗೋಡೆಯ ಮೇಲೆ ಅಂಕಿಗಳೂ ಅಕ್ಷರಗಳೂ ಉಬ್ಬಾಗಿ ಮೂಡಿರುವುದು ಕಾಣುತ್ತದೆ. ಈ ಬರಹವನ್ನು ಓದಲು ಲಿಪಿತಜ್ಞನೇ ಆಗಬೇಕಿಲ್ಲ. ಒಂಬತ್ತನೆಯ ತರಗತಿಯ ಗಣಿತ ತಿಳಿದಿದ್ದರೆ ಸಾಕು. ಆದರೂ ಓದುವವರು ವಿರಳ. ಶಾಸನವನ್ನು ಓದದಿದ್ದರೆ ಇತಿಹಾಸದ ಒಂದು ಪುಟ ಮರೆಯಾದೀತು. ಟೈರಿನ ಬರಹವನ್ನು ಓದದಿದ್ದರೆ ಮನುಷ್ಯರ ಪ್ರಾಣಕ್ಕೇ ಸಂಚಕಾರ ಬಂದೀತು.

ಗಾಳಿ ತುಂಬಿದ ಟೈರು ಬಹಳ ಹಳೆಯದೇನೂ ಅಲ್ಲ. ಕಾಯಿಸಿದಾಗ ಅಂಟಂಟಾಗಿಯೂ ಚಳಿಯಲ್ಲಿ ಬಿರುಸಾಗಿಯೂ ಇರುತ್ತಿದ್ದ ರಬ್ಬರನ್ನು ಗಂಧಕದೊಡನೆ ಬಿಸಿಮಾಡಿದರೆ ಅದು ಗಟ್ಟಿಮುಟ್ಟಾದ ವಸ್ತುವಾಗುತ್ತದೆಂಬುದನ್ನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡನು. ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ 1845ರಲ್ಲಿಯೇ ಗಾಳಿಯ ಟೈರಿಗೆ ಹಕ್ಕುಪತ್ರ ಪಡೆದಿದ್ದರೂ ಅದು ಬಳಕೆಗೆ ಬರಲಿಲ್ಲ. 1888ರಲ್ಲಿ ಪಶುವೈದ್ಯ ಜಾನ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆಂದು ಮಾಡಿದ ಟೈರು ಲೋಕದ ಸಂಚಾರವನ್ನೇ ಬದಲಿಸಿತು. ನಮ್ಮ ನಾಡಿನಲ್ಲಿಯೂ ಈ ಉದ್ಯಮ ಬೇರೂರಿದೆ. ಮೈಸೂರಿನಲ್ಲಿ ಸ್ಥಾಪಿತವಾದ ವಿಕ್ರಾಂತ್ ಟೈರು ಕಾರ್ಖಾನೆಯು 1997ರಲ್ಲಿ ಜೆ.ಕೆ. ಸಮೂಹಕ್ಕೆ ಸೇರಿತು.

ಟೈರು ಬರಿಯ ರಬ್ಬರಿನ ಬಳೆಯಲ್ಲ. ಅದರೊಳಗೆ ನೂಲಿನ ಅಥವಾ ಉಕ್ಕಿನ ತಂತಿಗಳ ಪದರಗಳಿವೆ. ಹಿಂದಿನ ಟೈರುಗಳಲ್ಲಿ ಈ ಎಳೆಗಳು ಓರೆಯಾಗಿ, ಒಂದನ್ನೊಂದು ಅಡ್ಡಹಾಯುವಂತೆ ಹೆಣೆದಿರುತ್ತಿದ್ದವು. ರೇಡಿಯಲ್ ಟೈರಿನಲ್ಲಿ ಅವು ಒಂದು ಅಂಚಿನಿಂದ ಮತ್ತೊಂದು ಅಂಚಿಗೆ ನೇರವಾಗಿ ಹಾಯುತ್ತವೆ. ಅವುಗಳ ಮೇಲೆ, ನೆಲ ಮುಟ್ಟುವ ಭಾಗದ ಕೆಳಗೆ, ಉಕ್ಕಿನ ಪಟ್ಟಿಯೊಂದು ಸುತ್ತುವರಿದಿರುತ್ತದೆ. ಇದರಿಂದ ಪಕ್ಕದ ಗೋಡೆ ಸಲೀಸಾಗಿ ಬಳುಕುತ್ತದೆ, ನೆಲ ಮುಟ್ಟುವ ಭಾಗ ಮಟ್ಟಸವಾಗಿ ಉಳಿಯುತ್ತದೆ, ಟೈರು ಕಡಿಮೆ ಬಿಸಿಯಾಗುತ್ತದೆ.

ಈಗ ಬರಹವನ್ನೇ ಓದೋಣ. ಒಂದು ವ್ಯಾನಿನ ಟೈರಿನ ಮೇಲೆ ‘195/70 ಆರ್ 15 ಸಿ 104/102 ಆರ್’ ಎಂದಿದೆಯೆಂದು ಭಾವಿಸಿರಿ. ಮೊದಲ ಅಂಕಿಯಾದ 195 ಎಂಬುದು ಟೈರಿನ ಅಗಲ, ಅದು ಮಿಲಿಮೀಟರಿನಲ್ಲಿದೆ. ಎರಡನೆಯ ಅಂಕಿಯಾದ 70 ಅಳತೆಯಲ್ಲ, ಪ್ರಮಾಣ. ಪಕ್ಕದ ಗೋಡೆಯ ಎತ್ತರವು ಅಗಲದ ನೂರಕ್ಕೆ ಎಪ್ಪತ್ತು ಭಾಗದಷ್ಟಿದೆಯೆಂದು ಅದರ ಅರ್ಥ. ಮುಂದಿನ ‘ಆರ್’ ಅಕ್ಷರವು ರೇಡಿಯಲ್ ರಚನೆಯನ್ನು ಸೂಚಿಸುತ್ತದೆ. ಇದನ್ನು ತ್ರಿಜ್ಯವೆಂದು ತಿಳಿಯುವವರುಂಟು, ಅದು ಸರಿಯಲ್ಲ. 15 ಎಂಬುದು ಟೈರು ಕೂರುವ ಲೋಹದ ಬಳೆಯ, ಅಂದರೆ ರಿಮ್ಮಿನ, ವ್ಯಾಸ, ಅದು ಅಂಗುಲದಲ್ಲಿದೆ. ಹೀಗೆ ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡಾ ಪ್ರಮಾಣ ಮತ್ತು ಅಂಗುಲ ಮೂರೂ ಸೇರಿವೆ. ಓದುವವನು ಎಡವುವುದು ಬಹುಮಟ್ಟಿಗೆ ಇಲ್ಲಿಯೇ.

ಇಷ್ಟು ತಿಳಿದರೆ ಟೈರಿನ ಗಾತ್ರವನ್ನು ಕಾಗದದ ಮೇಲೆಯೇ ಅಳೆಯಬಹುದು. 195ರ ಶೇಕಡಾ 70 ಎಂದರೆ 136.5 ಮಿಲಿಮೀಟರು. ಗೋಡೆಯು ರಿಮ್ಮಿನ ಮೇಲೂ ಕೆಳಗೂ ಇರುವುದರಿಂದ ಅದನ್ನು ಇಮ್ಮಡಿಸಿದರೆ 273. ಹದಿನೈದು ಅಂಗುಲವೆಂದರೆ 381 ಮಿಲಿಮೀಟರು. ಎರಡನ್ನೂ ಕೂಡಿದರೆ ಟೈರಿನ ವ್ಯಾಸ 654 ಮಿಲಿಮೀಟರು. ಪರಿಧಿ ಎರಡು ಮೀಟರಿಗಿಂತ ತುಸು ಹೆಚ್ಚು. ಒಂದು ಕಿಲೋಮೀಟರು ಸಾಗಲು ಈ ಗಾಲಿ ಸುಮಾರು 490 ಬಾರಿ ಸುತ್ತಬೇಕು. ಇದಕ್ಕಿಂತ ಕಿರಿದಾದ ಟೈರನ್ನು ಹಾಕಿದರೆ ಅದೇ ದೂರಕ್ಕೆ ಸುತ್ತುಗಳು ಹೆಚ್ಚುತ್ತವೆ. ಸುತ್ತನ್ನು ಎಣಿಸಿ ವೇಗವನ್ನು ತೋರಿಸುವ ಮಾಪಕವು ನಿಜಕ್ಕಿಂತ ಹೆಚ್ಚಿನ ವೇಗವನ್ನು ತೋರಿಸುತ್ತದೆ. ಹಿರಿದಾದ ಟೈರನ್ನು ಹಾಕಿದರೆ ಮಾಪಕ ತೋರುವುದಕ್ಕಿಂತ ವಾಹನ ವೇಗವಾಗಿ ಓಡುತ್ತಿರುತ್ತದೆ. ಎರಡನೆಯದು ಹೆಚ್ಚು ಅಪಾಯಕರ.

ಇನ್ನು ಉಳಿದ ಭಾಗವೇ ವ್ಯಾನಿನ ಮಟ್ಟಿಗೆ ಬಲು ಮುಖ್ಯವಾದುದು. ‘ಸಿ’ ಎಂಬ ಅಕ್ಷರವು ಇದು ಸರಕು ಹೊರುವ ಲಘು ವಾಹನಕ್ಕಾಗಿ ಮಾಡಿದ ಟೈರೆಂದು ಸಾರುತ್ತದೆ. ಕೆಲವು ಟೈರುಗಳಲ್ಲಿ ಇದರ ಬದಲು ‘ಎಲ್‌ಟಿ’ ಎಂದಿರುತ್ತದೆ. ಜೊತೆಗೆ ‘8 ಪಿಆರ್’ ಎಂಬಂಥ ಪದರಗಳ ಸಂಖ್ಯೆಯೂ ಇರಬಹುದು. ಹತ್ತಿಯ ಪದರಗಳಿದ್ದ ಕಾಲದಲ್ಲಿ ಅದು ನಿಜವಾದ ಎಣಿಕೆಯಾಗಿತ್ತು. ಇಂದು ಒಳಗೆ ಅಷ್ಟು ಪದರಗಳಿವೆಯೆಂದು ಅರ್ಥವಲ್ಲ, ಅಷ್ಟು ಪದರಗಳಿಗೆ ಸಮನಾದ ಬಲವಿದೆಯೆಂದು ಅರ್ಥ.

104/102 ಎಂಬುದು ಭಾರದ ಸೂಚಿ. ಇದು ನೇರವಾಗಿ ಕಿಲೋಗ್ರಾಮಲ್ಲ. ಕೋಷ್ಟಕದಲ್ಲಿ ನೋಡಿ ತಿಳಿಯಬೇಕಾದ ಸಂಖ್ಯೆ. 104 ಎಂದರೆ ಒಂದು ಟೈರು ಗರಿಷ್ಠ 900 ಕಿಲೋಗ್ರಾಂ ಹೊರಬಲ್ಲುದು. ಅಚ್ಚಿನ ಒಂದು ಬದಿಗೆ ಎರಡೆರಡು ಗಾಲಿಗಳನ್ನು ಜೋಡಿಸಿದಾಗ ಪ್ರತಿಯೊಂದೂ 850 ಕಿಲೋಗ್ರಾಂ ಮಾತ್ರ ಹೊರಬೇಕು, ಅದೇ 102. ಕೊನೆಯ ‘ಆರ್’ ವೇಗದ ಸಂಕೇತ: ಗಂಟೆಗೆ 170 ಕಿಲೋಮೀಟರು. ಒಂದೇ ಬರಹದಲ್ಲಿ ಒಂದೇ ಅಕ್ಷರ ಎರಡು ಕಡೆ ಬಂದು ಎರಡು ಅರ್ಥಗಳನ್ನು ಕೊಡುವುದನ್ನು ಇಲ್ಲಿ ಗಮನಿಸಬೇಕು. ಆ ವೇಗದಲ್ಲಿ ಓಡಿಸಿರೆಂಬ ಆಹ್ವಾನ ಇದಲ್ಲ. ದಾಟಬಾರದ ಎಲ್ಲೆ ಇದು.

ಈ ಸೂಚಿಯನ್ನು ಅಲಕ್ಷಿಸಿದರೆ ಏನಾದೀತು? ಅಂಗಡಿಯಲ್ಲಿ ‘195/65 ಆರ್ 15 91’ ಎಂಬ ಕಾರಿನ ಟೈರೂ ದೊರೆಯುತ್ತದೆ. ಅದೂ ಹದಿನೈದು ಅಂಗುಲದ ರಿಮ್ಮಿನ ಮೇಲೆ ಕೂರುತ್ತದೆ, ಅಗಲವೂ ಅಷ್ಟೇ, ನೋಟಕ್ಕೆ ಅಣ್ಣತಮ್ಮಂದಿರಂತಿವೆ. ಬೆಲೆ ಕಡಿಮೆಯಾಗಿದ್ದರೆ ಕೊಳ್ಳುವವನ ಮನಸ್ಸು ಅತ್ತ ವಾಲುವುದು ಸಹಜ. ಆದರೆ 91 ಎಂದರೆ 615 ಕಿಲೋಗ್ರಾಂ. ಹಿಂದಿನ ಎರಡು ಗಾಲಿಗಳಿಗೆ ವ್ಯಾನಿನ ಟೈರುಗಳಿದ್ದರೆ ಅವು 1800 ಕಿಲೋಗ್ರಾಂ ಹೊರಬಲ್ಲವು. ಕಾರಿನ ಟೈರುಗಳಾದರೆ 1230 ಮಾತ್ರ. ವ್ಯತ್ಯಾಸ 570 ಕಿಲೋಗ್ರಾಂ. ಸುಲಿದ ತೆಂಗಿನಕಾಯಿ ಒಂದೊಂದೂ ಅರ್ಧ ಕಿಲೋಗ್ರಾಂ ತೂಗುತ್ತದೆಂದು ಇಟ್ಟುಕೊಂಡರೆ, ಇದು ಸಾವಿರದ ನೂರ ನಲವತ್ತು ಕಾಯಿಗಳ ಭಾರ. ಕಾಯಿಗಳ ಬದಲು ಮನುಷ್ಯರನ್ನು ಕೂರಿಸಿದರೆ ಎಷ್ಟು ಮಂದಿಯಾದಾರು ಎಂಬ ಲೆಕ್ಕವನ್ನು ಓದುಗರೇ ಮಾಡಿಕೊಳ್ಳಬಹುದು. ಭಾರವನ್ನು ತೂಗಿ ನೋಡದೆ ರಿಮ್ಮಿಗೆ ಕೂತಿತೆಂದು ಟೈರನ್ನು ಒಪ್ಪುವುದು, ಕಾಲಿಗೆ ಹಿಡಿಸಿತೆಂದು ಮಗುವಿನ ಮೆಟ್ಟು ತೊಟ್ಟು ಬೆಟ್ಟ ಹತ್ತಲು ಹೊರಟಂತೆ.

ಭಾರವನ್ನು ಹೊರುವುದು ರಬ್ಬರು ಎಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಬಹುಪಾಲು ಹೊರುವುದು ಒಳಗಿನ ಗಾಳಿ. ಸೂಚಿಯಲ್ಲಿ ಹೇಳಿದ ಬಲವು ತಕ್ಕ ಒತ್ತಡದ ಗಾಳಿಯಿದ್ದಾಗ ಮಾತ್ರ ನಿಜ. ಗಾಳಿ ಕಡಿಮೆಯಾದರೆ ಗಾಲಿಯ ಪ್ರತಿ ಸುತ್ತಿಗೂ ಪಕ್ಕದ ಗೋಡೆ ಅತಿಯಾಗಿ ಮಡಚಿ ಬಿಡಿಸಿಕೊಳ್ಳುತ್ತದೆ. ತಂತಿಯನ್ನು ಹಿಂದೆ ಮುಂದೆ ಬಾಗಿಸುತ್ತಿದ್ದರೆ ಅದು ಬಿಸಿಯೇರಿ ಕೊನೆಗೆ ಮುರಿಯುವುದನ್ನು ಎಲ್ಲರೂ ಕಂಡಿದ್ದಾರೆ. ಟೈರಿನಲ್ಲಿಯೂ ನಡೆಯುವುದು ಅದೇ. ಬೇಸಗೆಯ ಬಿಸಿಲು, ಮಿತಿಮೀರಿದ ಹೊರೆ, ವೇಗ, ಕಡಿಮೆ ಗಾಳಿ ಈ ನಾಲ್ಕೂ ಒಂದುಗೂಡಿದಾಗ ಟೈರು ಸಿಡಿಯುತ್ತದೆ. ಗಾಳಿ ಅತಿಯಾದರೂ ಕೇಡೇ: ಟೈರಿನ ನಡುಭಾಗ ಮಾತ್ರ ನೆಲಕ್ಕೆ ತಾಗಿ ಬೇಗ ಸವೆಯುತ್ತದೆ, ಹಿಡಿತ ಕುಗ್ಗುತ್ತದೆ. ಟೈರಿನ ಮೇಲೆ ಬರೆದಿರುವ ಒತ್ತಡವು ಸಾಮಾನ್ಯವಾಗಿ ಗರಿಷ್ಠ ಮಿತಿ, ತುಂಬಬೇಕಾದ ಪ್ರಮಾಣವಲ್ಲ. ಅದನ್ನು ವಾಹನ ತಯಾರಕರು ಚಾಲಕನ ಬಾಗಿಲ ಬಳಿಯ ಫಲಕದಲ್ಲೋ ಕೈಪಿಡಿಯಲ್ಲೋ ತಿಳಿಸಿರುತ್ತಾರೆ. ಬರಿದಾದ ವ್ಯಾನಿಗೆ ಒಂದು, ತುಂಬಿದ ವ್ಯಾನಿಗೆ ಇನ್ನೊಂದು ಎಂದು ಎರಡು ಪ್ರಮಾಣಗಳಿರುವುದೂ ಉಂಟು. ಓಡುವ ಮುನ್ನ, ಟೈರು ತಣ್ಣಗಿರುವಾಗಲೇ ಅಳೆಯಬೇಕು.

ಟೈರಿಗೆ ಜನ್ಮದಿನವೂ ಉಂಟು. ಪಕ್ಕದ ಗೋಡೆಯ ಮೇಲೆ ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿಗಳಿರುತ್ತವೆ. ‘2324’ ಎಂದಿದ್ದರೆ ಅದು 2024ನೆಯ ವರ್ಷದ 23ನೆಯ ವಾರದಲ್ಲಿ ತಯಾರಾಯಿತೆಂದು ತಿಳಿಯಬೇಕು. ಬಿಸಿಲು, ಗಾಳಿ, ಕಾಲ ಇವು ಓಡದೆ ನಿಂತ ಟೈರನ್ನೂ ಬಿಡುವುದಿಲ್ಲ. ರಬ್ಬರು ಬಿರುಸಾಗಿ ಸೂಕ್ಷ್ಮವಾಗಿ ಬಿರಿಯುತ್ತದೆ. ಆದುದರಿಂದ ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆಂದೂ, ಹತ್ತು ವರ್ಷ ತುಂಬಿದುದನ್ನು ನೋಡಲು ಚೆನ್ನಾಗಿದ್ದರೂ ತೆಗೆದುಹಾಕಬೇಕೆಂದೂ ಹಲವು ತಯಾರಕರು ಸಲಹೆ ನೀಡುತ್ತಾರೆ. ಮೂಲೆಯಲ್ಲಿ ಮರೆತುಬಿಟ್ಟ ಹೆಚ್ಚುವರಿ ಗಾಲಿಗೂ ಈ ಮಾತು ಅನ್ವಯಿಸುತ್ತದೆ.

ಸವೆತವನ್ನು ತಿಳಿಯಲೂ ಟೈರಿನಲ್ಲಿಯೇ ಉಪಾಯವಿದೆ. ಪಕ್ಕದಲ್ಲಿ ‘ಟಿಡಬ್ಲ್ಯೂಐ’ ಎಂಬ ಅಕ್ಷರಗಳೋ ಪುಟ್ಟ ತ್ರಿಕೋನವೋ ಇರುವ ನೇರಕ್ಕೆ ತೋಡುಗಳ ತಳದಲ್ಲಿ ಸಣ್ಣ ದಿಣ್ಣೆಗಳಿವೆ. ಟೈರು ಸವೆದು ಈ ದಿಣ್ಣೆಗಳಿಗೆ ಸಮನಾದಾಗ ತೋಡಿನ ಆಳ 1.6 ಮಿಲಿಮೀಟರಿಗೆ ಇಳಿದಿರುತ್ತದೆ. ವ್ಯಾನಿನಂಥ ವಾಹನಗಳಿಗೆ ನಿಯಮವು ಒಪ್ಪುವ ಕನಿಷ್ಠ ಆಳ ಇದೇ. ತೋಡುಗಳಿರುವುದು ಅಂದಕ್ಕಲ್ಲ. ಮಳೆಯಲ್ಲಿ ಅವು ಗಾಲಿಯಡಿಯ ನೀರನ್ನು ಹೊರಕ್ಕೆ ಸಾಗಿಸುತ್ತವೆ. ಅವು ಇಲ್ಲವಾದರೆ ಗಾಲಿ ನೆಲವನ್ನು ಬಿಟ್ಟು ನೀರಿನ ಮೇಲೆ ಜಾರುತ್ತದೆ. ಆಗ ಬ್ರೇಕೂ ಚಾಲಕನ ಚಾತುರ್ಯವೂ ನೆರವಿಗೆ ಬಾರವು.

ಹೀಗಿರುವಲ್ಲಿ ವ್ಯಾನಿಗೆ ಟೈರನ್ನು ಆರಿಸುವುದು ಬರಿಯ ಬೆಲೆಯ ಮಾತಲ್ಲ. ಮೊದಲು ತಯಾರಕರು ಹೇಳಿದ ಗಾತ್ರವನ್ನು ನೋಡಬೇಕು. ಭಾರದ ಸೂಚಿ ಅವರು ಹೇಳಿದುದಕ್ಕಿಂತ ಕಡಿಮೆಯಾಗಕೂಡದು. ಒಂದೇ ಅಚ್ಚಿನ ಎರಡು ಬದಿಗೂ ಒಂದೇ ಗಾತ್ರದ, ಒಂದೇ ರಚನೆಯ ಟೈರುಗಳಿರಬೇಕು. ತಯಾರಾದ ವಾರವನ್ನೂ ಭಾರತೀಯ ಮಾನಕ ಬ್ಯೂರೋದ ಐಎಸ್ಐ ಗುರುತನ್ನೂ ಪರಿಶೀಲಿಸಬೇಕು. ಸುತ್ತಬೇಕಾದ ದಿಕ್ಕನ್ನು ಸೂಚಿಸುವ ಬಾಣವಿದ್ದರೆ ಅದರಂತೆಯೇ ಜೋಡಿಸಬೇಕು. ಬೆಲೆಯ ವಿಚಾರ ಇವೆಲ್ಲವೂ ಮುಗಿದ ಮೇಲೆ.

ಸಾವಿರಾರು ಕಿಲೋಗ್ರಾಂ ತೂಗುವ ವಾಹನವು ನೆಲವನ್ನು ಮುಟ್ಟುವುದು ನಾಲ್ಕೇ ನಾಲ್ಕು ಕಡೆ, ಒಂದೊಂದು ಕಡೆಯೂ ಹೆಚ್ಚುಕಡಿಮೆ ಅಂಗೈಯಗಲದಷ್ಟು ಜಾಗದಲ್ಲಿ. ಒಳಗೆ ಕುಳಿತು ಹಾಡುವ ಮಕ್ಕಳಿಗೂ, ತೂಕಡಿಸುವ ಮುದುಕರಿಗೂ, ವರ್ಷದ ಬೆಳೆಯನ್ನು ಮಾರಲು ಹೊರಟ ರೈತನಿಗೂ ಅದೇ ಆಧಾರ. ಆ ಆಧಾರ ಎಷ್ಟು ಭಾರವನ್ನು, ಎಷ್ಟು ವೇಗವನ್ನು, ಎಷ್ಟು ಕಾಲ ತಾಳಬಲ್ಲುದೆಂಬುದನ್ನು ಅದರ ಮೈಮೇಲೆಯೇ ಬರೆದಿಟ್ಟಿದ್ದಾರೆ. ಪಯಣಕ್ಕೆ ಮುನ್ನ ಎರಡು ನಿಮಿಷ ಬಾಗಿ ಅದನ್ನು ಓದುವುದು ಅಕ್ಷರ ಬಲ್ಲ ಪ್ರತಿಯೊಬ್ಬನ ಕರ್ತವ್ಯ.