ಕೊಬ್ಬಿನ ಸರಪಳಿಯ ರಹಸ್ಯ

ಎಣ್ಣೆ, ತುಪ್ಪ ಮೊದಲಾದ ಜಿಡ್ಡಿನ ಪದಾರ್ಥಗಳಲ್ಲಿ ಕೊಬ್ಬಿನ ಆಮ್ಲಗಳಿರುತ್ತವೆ. ಇವುಗಳ ಅಣುವಿನಲ್ಲಿ ಇಂಗಾಲದ ಪರಮಾಣುಗಳು ಸರದ ಮಣಿಗಳಂತೆ ಒಂದರ ಪಕ್ಕದಲ್ಲೊಂದು ಸೇರಿಕೊಂಡಿರುತ್ತವೆ. ಪ್ರಾಣಿಗಳ ದೇಹವು ಈ ಸರವನ್ನು ಒಡೆದು ಶಕ್ತಿಯನ್ನು ಪಡೆಯುತ್ತದೆ. ಪೂರ್ಣವಾಗಿ ಉತ್ಕರ್ಷಣೆ ಹೊಂದಿದ ಮೇಲೆ ಉಳಿಯುವುದು ಇಂಗಾಲದ ಡೈ ಆಕ್ಸೈಡ್ ಮತ್ತು ನೀರು ಮಾತ್ರ. ಹೀಗಿರುವಾಗ ಸರವು ಒಡೆದ ಕ್ರಮವನ್ನು ತಿಳಿಯುವುದು ಹೇಗೆ?

ಜರ್ಮನಿಯ ವಿಜ್ಞಾನಿ ಫ್ರಾಂಟ್ಸ್ ಕ್ನೋಪ್ ಇದಕ್ಕೊಂದು ಉಪಾಯವನ್ನು ಕಂಡುಕೊಂಡನು. ಬೆಂಜೀನಿನ ಉಂಗುರವನ್ನು ಪ್ರಾಣಿದೇಹವು ಸುಲಭವಾಗಿ ಒಡೆಯಲಾರದು. ಆದುದರಿಂದ ಅವನು ಕೊಬ್ಬಿನ ಆಮ್ಲಗಳ ತುದಿಗೆ ಆ ಉಂಗುರವನ್ನು ಗುರುತಿನಂತೆ ಜೋಡಿಸಿ, ನಾಯಿಗಳಿಗೆ ತಿನ್ನಿಸಿ, ಅವುಗಳ ಮೂತ್ರವನ್ನು ಪರೀಕ್ಷಿಸಿದನು.

ಸರದಲ್ಲಿ ಬೆಸಸಂಖ್ಯೆಯ ಇಂಗಾಲಗಳಿದ್ದಾಗ, ಉಂಗುರದೊಡನೆ ಒಂದೇ ಇಂಗಾಲವುಳಿದ ಬೆಂಜೋಯಿಕ್ ಆಮ್ಲವು ದೊರೆಯಿತು. ಸರಿಸಂಖ್ಯೆಯಿದ್ದಾಗ ಎರಡು ಇಂಗಾಲಗಳುಳಿದ ಫೀನೈಲ್ ಅಸಿಟಿಕ್ ಆಮ್ಲವು ದೊರೆಯಿತು. ಎರಡೂ ಗ್ಲೈಸೀನ್ ಎಂಬ ಅಮೈನೋ ಆಮ್ಲದೊಡನೆ ಸೇರಿಕೊಂಡು ಹೊರಬಂದಿದ್ದವು. ಮಣಿಗಳು ಒಂದೊಂದಾಗಿ ಕಳಚಿದ್ದರೆ ಈ ವ್ಯತ್ಯಾಸವು ಕಾಣಿಸುತ್ತಿರಲಿಲ್ಲ. ಸರವು ಎರಡೆರಡು ಇಂಗಾಲಗಳಂತೆ ತುಂಡಾಗುತ್ತದೆಯೆಂದು ಕ್ನೋಪ್ 1904ರಲ್ಲಿ ಪ್ರಕಟಿಸಿದನು. ಈ ಕ್ರಿಯೆಗೆ ಬೀಟಾ ಉತ್ಕರ್ಷಣೆ ಎಂದು ಹೆಸರು. ಕಳಚಿಬೀಳುವ ಎರಡು ಇಂಗಾಲಗಳ ತುಣುಕು ದೇಹದಲ್ಲಿ ಯಾವ ರೂಪದಲ್ಲಿರುತ್ತದೆ ಎಂಬುದನ್ನು 1951ರಲ್ಲಿ ಫಿಯೋಡರ್ ಲೀನನ್ ತೋರಿಸಿದನು. ಅದೇ ಅಸಿಟೈಲ್ ಕೋಎನ್‌ಜೈಮ್-ಎ. 1964ರ ನೊಬೆಲ್ ಪಾರಿತೋಷಕವು ಅವನಿಗೂ ಕೊನ್ರಾಡ್ ಬ್ಲಾಕ್‌ನಿಗೂ ಜೊತೆಯಾಗಿ ದೊರೆಯಿತು.

ಈ ಜ್ಞಾನವು ಇಂದು ಮಕ್ಕಳ ಪ್ರಾಣವನ್ನುಳಿಸಲು ನೆರವಾಗುತ್ತಿದೆ. ಪ್ರೋಟೀನುಗಳು ವಿಭಜನೆಗೊಂಡಾಗ ಹುಟ್ಟುವ ಅಮೋನಿಯವನ್ನು ಯಕೃತ್ತು ಯೂರಿಯವಾಗಿ ಮಾರ್ಪಡಿಸುತ್ತದೆ. ಕೆಲವು ಶಿಶುಗಳಲ್ಲಿ ಹುಟ್ಟಿನಿಂದಲೇ ಈ ಸಾಮರ್ಥ್ಯವು ಕುಂದಿರುತ್ತದೆ. ಆಗ ಅಮೋನಿಯವು ರಕ್ತದಲ್ಲಿ ಹೆಚ್ಚಿ ಮೆದುಳಿಗೆ ಹಾನಿಯುಂಟಾಗುತ್ತದೆ. ಅಂಥವರಿಗೆ ಕೊಡುವ ಔಷಧಗಳಲ್ಲಿ ಸೋಡಿಯಂ ಫೀನೈಲ್ ಬ್ಯುಟಿರೇಟ್ ಒಂದು. ಅದು ಉಂಗುರಕ್ಕೆ ನಾಲ್ಕು ಇಂಗಾಲಗಳ ಸರವು ಸೇರಿರುವ ವಸ್ತು. ದೇಹವು ಅದರಿಂದ ಎರಡು ಇಂಗಾಲಗಳನ್ನು ಕಳಚುತ್ತದೆ; ಕ್ನೋಪ್ ಕಂಡ ಫೀನೈಲ್ ಅಸಿಟಿಕ್ ಆಮ್ಲವೇ ಉಳಿಯುತ್ತದೆ. ಮನುಷ್ಯರಲ್ಲಿ ಅದು ಗ್ಲೈಸೀನಿಗೆ ಬದಲಾಗಿ ಗ್ಲುಟಮಿನ್ ಎಂಬ ಅಮೈನೋ ಆಮ್ಲದೊಡನೆ ಕೂಡಿ ಮೂತ್ರದಲ್ಲಿ ಹೊರಹೋಗುತ್ತದೆ. ಗ್ಲುಟಮಿನ್ನಿನ ಒಂದೊಂದು ಅಣುವೂ ತನ್ನೊಡನೆ ಸಾರಜನಕದ ಎರಡು ಪರಮಾಣುಗಳನ್ನು ಕೊಂಡೊಯ್ಯುವುದರಿಂದ, ಅಮೋನಿಯವಾಗಬಹುದಾಗಿದ್ದ ಸಾರಜನಕಕ್ಕೆ ಬೇರೊಂದು ದಾರಿ ದೊರೆಯುತ್ತದೆ.

ದೇಹವು ಬೇಡವೆಂದು ಹೊರಹಾಕಿದ ವಸ್ತುವನ್ನು ಕ್ನೋಪ್ ಕಡೆಗಣಿಸಲಿಲ್ಲ. ದೇಹದ ಒಳಗುಟ್ಟು ಅವನಿಗೆ ತಿಳಿದುಬಂದದ್ದು ಅದರಿಂದಲೇ.