ಆಡಿಗೂ ಹೊಟ್ಟೆ ಒಂದೇ



ಮನೆಯಲ್ಲಿ ಕನ್ನಡ, ಪೆಂಡುರ್ತಿಯ ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷು, ನಡುನಡುವೆ ಹಿಂದಿ. ಇಷ್ಟನ್ನೂ ನಿಭಾಯಿಸುವ ನಿಮ್ಮನ್ನು ಕಂಡು “ಆಡು ಮುಟ್ಟದ ಸೊಪ್ಪಿಲ್ಲ” ಎಂದು ಹಿರಿಯರು ಹೆಮ್ಮೆಪಡುತ್ತಾರೆ. ಅಲ್ಲಿಗೇ ನಿಲ್ಲುವುದಿಲ್ಲ. ಗಣಿತದಲ್ಲಿ ನೂರಕ್ಕೆ ನೂರು ಬರಬೇಕು, ಸಂಗೀತವೂ ಬೇಕು, ರಾಜ್ಯೋತ್ಸವದ ನಾಟಕದಲ್ಲಿ ಪಾತ್ರವೂ ಬೇಕು. ಈ ಆಸೆಗೆ ಮಿತಿ ಎಲ್ಲಿ? ಒಬ್ಬ ಸೈಕಲ್ ಪಟುವಿನ ಕಥೆ ಕೇಳಿ.

ಬೆಲ್ಜಿಯಂನ ವೌಟ್ ವಾನ್ ಆರ್ಟ್ 2021ರ ಟೂರ್ ಡಿ ಫ್ರಾನ್ಸ್‌ನಲ್ಲಿ ಮೂರು ಹಂತಗಳನ್ನು ಗೆದ್ದರು. ಒಂದರಲ್ಲಿ ಮಾಂಟ್ ವೆಂಟೂ ಪರ್ವತವನ್ನು ಎರಡು ಸಲ ಹತ್ತಬೇಕಿತ್ತು. ಇನ್ನೊಂದು, ಒಬ್ಬೊಬ್ಬರೇ ಹೊರಟು ಓಡುವ ಟೈಮ್ ಟ್ರಯಲ್. ಮೂರನೆಯದು ಪ್ಯಾರಿಸ್ಸಿನ ಕೊನೆಯ ಸ್ಪ್ರಿಂಟ್. 2022ರಲ್ಲಿ ಹಸಿರು ಅಂಗಿ ಗೆದ್ದು, ಓಟಕಾಂ ಬೆಟ್ಟದಲ್ಲಿ ತಮ್ಮದೇ ತಂಡದ ಯೋನಸ್ ವಿಂಗೆಗೋರ್‌ಗೆ ಮುಂದಾಳಾಗಿ ದುಡಿದರು. ವಿಂಗೆಗೋರ್ ಆ ವರ್ಷದ ಟೂರ್ ಗೆದ್ದರು. ಆಗ “ಇವರೇ ಏಕೆ ಟೂರ್ ಗೆಲ್ಲಬಾರದು?” ಎಂಬ ಪ್ರಶ್ನೆ ಎದ್ದಿತು.

ಸಿಂಹಾಚಲದ ಘಾಟ್ ರಸ್ತೆಯಲ್ಲಿ ಸೈಕಲ್ ತುಳಿದು ನೋಡಿ, ಉತ್ತರ ತಾನೇ ಹೊಳೆಯುತ್ತದೆ. ವಾನ್ ಆರ್ಟ್ ತೂಕ ಸುಮಾರು 78 ಕಿಲೋ, ವಿಂಗೆಗೋರ್ ಸುಮಾರು 60. ಏರಿನಲ್ಲಿ ಅದು 18 ಕಿಲೋ ಅಕ್ಕಿ ಹೊತ್ತು ತುಳಿದಂತೆ. ತೂಕ ಇಳಿಸಬಹುದಲ್ಲ ಎನ್ನುತ್ತೀರಾ? ಇಳಿಸಿದರೆ ಸ್ಪ್ರಿಂಟ್ ಗೆಲ್ಲಿಸುವ ಮಾಂಸಖಂಡವೂ ಕರಗುತ್ತದೆ. ಒಂದನ್ನು ಪಡೆಯಲು ಇನ್ನೊಂದನ್ನು ತೆರಬೇಕು.

ಬಹುಮುಖ ಪ್ರತಿಭೆಗೆ ಇನ್ನೊಂದು ಕಷ್ಟವುಂಟು. ಟೋಕಿಯೋ ಒಲಿಂಪಿಕ್ಸ್‌ನ ರಸ್ತೆ ಓಟದಲ್ಲಿ ಬೆಳ್ಳಿ, 2022ರ ಪ್ಯಾರಿಸ್–ರೂಬೆಯಲ್ಲಿ ಎರಡನೆಯ ಸ್ಥಾನ. ಬೇರೆಯವರಿಗೆ ಇವು ಆಯುಷ್ಯದ ಸಾಧನೆ. ಎಲ್ಲವನ್ನೂ ಗೆಲ್ಲಬಲ್ಲವನೆಂದು ಹೆಸರಾದವನಿಗೆ ಮಾತ್ರ “ಮತ್ತೆ ತಪ್ಪಿತು” ಎಂಬ ಮಾತು.

ನಮ್ಮವರೇ ಆದ ರಾಹುಲ್ ದ್ರಾವಿಡ್ ಅವರನ್ನು ನೆನೆಯಿರಿ. 2003ರ ವಿಶ್ವಕಪ್‌ನಲ್ಲಿ ತಂಡಕ್ಕೆ ಒಬ್ಬ ಹೆಚ್ಚಿನ ಬ್ಯಾಟ್ಸ್‌ಮನ್ ಸಿಗಲೆಂದು ಅವರು ವಿಕೆಟ್ ಹಿಂದೆ ನಿಂತರು. ಭಾರತ ಫೈನಲ್ ತಲುಪಿತು. ಆದರೆ ಕೈಗವಸು ಅವರ ಕಾಯಂ ಹೊರೆಯಾಗಲಿಲ್ಲ. 2004ರ ಕೊನೆಗೆ ಧೋನಿ ಬಂದರು. ಇಂದು ಜನ ದ್ರಾವಿಡ್ ಅವರನ್ನು ನೆನೆಯುವುದು ಟೆಸ್ಟ್‌ನ 13,288 ರನ್ನುಗಳಿಗಾಗಿ.

ನೀವು ನಾಲ್ಕು ಭಾಷೆ ಬಲ್ಲಿರೆಂದು ನಲವತ್ತು ವಿದ್ಯೆ ಹೊರಬೇಕಿಲ್ಲ. ಹೊಸದೊಂದನ್ನು ಒಪ್ಪಿಕೊಳ್ಳುವಾಗ “ಇದಕ್ಕಾಗಿ ಯಾವುದನ್ನು ಬಿಡಲಿ?” ಎಂದು ಅಪ್ಪ ಅಮ್ಮನನ್ನು ಕೇಳಿ. ಇದು ಎದುರುತ್ತರವಲ್ಲ, ಲೆಕ್ಕಾಚಾರ. ಹಿರಿಯರೂ ಕುಳಿತು ಆ ಲೆಕ್ಕ ಹಾಕಲಿ. ಆಡು ಎಲ್ಲ ಸೊಪ್ಪನ್ನೂ ಮುಟ್ಟಬಹುದು. ಹೊಟ್ಟೆಗೆ ಹಿಡಿಸುವಷ್ಟೇ ತಿನ್ನುತ್ತದೆ.